ರಬ್ಬರ್ ಮನೆಯಲ್ಲೇ ಬಿಟ್ಟು ಬನ್ನಿ

(ಮಂಡ್ಯದಲ್ಲಿ ಪಿಯುಸಿ ಮಕ್ಕಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಧ್ಯದಲ್ಲಿ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಮೊದಲು ಒಂದು ಪ್ರಶ್ನೆ. ಯಾರ ಬ್ಯಾಗಿನಲ್ಲಿ ರಬ್ಬರ್ ಇದೆ? ಕೈ ಎತ್ತಿ. ಹೆಚ್ಚುಕಮ್ಮಿ ಎಲ್ಲರೂ ಎತ್ತಿದಿರಿ. ಸರಿ. ಚಿತ್ರಕಲೆಯ ಪದವಿಗೆ ಸೇರಿದ ಮೊದಲ ವಾರವೇ ನನ್ನ ಕೈಯಿಂದ ಕಿತ್ತುಕೊಂಡಿದ್ದು ಅದನ್ನೇ.

ನಾನು ಮದ್ದೂರು ಕಡೆಯವನು. ಮನೆಯಲ್ಲಿ ಕಬ್ಬು, ಸ್ವಲ್ಪ ರಾಗಿ, ಎರಡು ಎಮ್ಮೆ. ಹೈಸ್ಕೂಲಿನಲ್ಲಿ ವಾರಕ್ಕೆ ಒಂದು ಡ್ರಾಯಿಂಗ್ ಪೀರಿಯಡ್ ಇತ್ತು. ಪರೀಕ್ಷೆ ಹತ್ತಿರ ಬಂದರೆ ಅದನ್ನು ಗಣಿತಕ್ಕೆ ಕೊಡುತ್ತಿದ್ದರು. ಪರೀಕ್ಷೆ ವರ್ಷವಿಡೀ ಹತ್ತಿರದಲ್ಲೇ ಇರುತ್ತಿತ್ತು. ಆದರೂ ಡ್ರಾಯಿಂಗ್ ಪರೀಕ್ಷೆಗಳಾದ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಎರಡೂ ಪಾಸು ಮಾಡಿಕೊಂಡೆ. ಹಾಗಾಗಿ ನನಗೆ ಬಿಡಿಸೋಕೆ ಬರುತ್ತೆ ಅನ್ನುವ ಧೈರ್ಯ ಜಾಸ್ತಿಯೇ ಇತ್ತು.

ಮೈಸೂರಿನ ಕಾಲೇಜಿನಲ್ಲಿ ಮೊದಲ ದಿನ ಮೇಜಿನ ಮೇಲೆ ಒಂದು ಸ್ಟೀಲ್ ಚೊಂಬು, ಹಳೇ ಬೆಡ್‌ಶೀಟು, ಎರಡು ಈರುಳ್ಳಿ ಇಟ್ಟಿದ್ದರು. ಇಷ್ಟೇನಾ ಅನ್ನಿಸಿತು. ಅರ್ಧ ಗಂಟೆಯಲ್ಲಿ ಬಿಡಿಸಿ, ತಿದ್ದಿ, ಉಜ್ಜಿ, ಶೇಡ್ ಮಾಡಿ ಮುಗಿಸಿದೆ. ಮೇಷ್ಟ್ರು ಬಂದು ನೋಡಿದರು. "ಚೊಂಬಿನ ಬಾಯಿ ಯಾಕಪ್ಪ ಇಷ್ಟು ಗುಂಡಗಿದೆ?" ಅಂದರು. ಗುಂಡಗೇ ಇದೆಯಲ್ಲ ಸಾರ್ ಅಂದೆ. "ನಿನಗೆ ಗುಂಡಗಿದೆ ಅಂತ ಗೊತ್ತು. ಕಾಣ್ತಾ ಇದೆಯಾ?" ಅಂದರು.

ನನ್ನನ್ನು ನೆಲದ ಮೇಲೆ ಕೂರಿಸಿದರು. ಚೊಂಬಿನ ಬಾಯಿ ಕಣ್ಣಿನ ಮಟ್ಟಕ್ಕೆ ಬಂತು. ಅಲ್ಲಿಂದ ಅದು ಬರೀ ಒಂದು ಅಡ್ಡಗೆರೆ. ಆಮೇಲೆ ಸ್ಟೂಲಿನ ಮೇಲೆ ಕೂರಿಸಿದರು. ಗೆರೆ ಸ್ವಲ್ಪ ಬಾಯಿಬಿಟ್ಟಿತು, ಹುಣಸೆ ಬೀಜದಷ್ಟು ಅಗಲ. ನಿಂತು ನೋಡಿದರೆ ಮೊಟ್ಟೆ. ಪೂರ್ತಿ ಗುಂಡಗೆ ಕಾಣಬೇಕಾದರೆ ಅದರ ನೆತ್ತಿಯ ಮೇಲೆ ಬಗ್ಗಿ ನೋಡಬೇಕು. ಹುಟ್ಟಿದಾಗಿನಿಂದ ಅದೇ ಥರದ ಚೊಂಬಿನಲ್ಲಿ ನೀರು ಕುಡಿದಿದ್ದೆ, ಅದನ್ನು ಒಂದು ಸಲವೂ ನೋಡಿರಲಿಲ್ಲ. ಆ ಚೊಂಬಿನ ಮುಂದೆ ಒಂದು ವಾರ ಕೂತೆ.

ಆಗಲೇ ರಬ್ಬರ್ ಹೋಗಿದ್ದು. ತಪ್ಪು ಗೆರೆ ಅಳಿಸಬೇಡ, ಅದರ ಪಕ್ಕದಲ್ಲೇ ಸರಿ ಗೆರೆ ಎಳೆ ಅಂದರು. ಕಾರಣ ತುಂಬಾ ಸರಳ. ತಪ್ಪು ಗೆರೆ ಕಣ್ಣ ಮುಂದೆ ಇದ್ದರೆ ಎಷ್ಟು ತಪ್ಪಾಗಿದೆ ಅಂತ ಗೊತ್ತಾಗುತ್ತೆ. ಅದೇ ನಿಮ್ಮ ಅಳತೆಗೋಲು. ಅಳಿಸಿಬಿಟ್ಟರೆ ಮತ್ತೆ ಅದೇ ಜಾಗದಲ್ಲಿ ಅದೇ ತಪ್ಪು ಮಾಡುತ್ತೀರಿ. ನಾನೂ ಅದನ್ನೇ ಮಾಡುತ್ತಿದ್ದೆ. ನನ್ನ ಹಳೇ ಡ್ರಾಯಿಂಗ್ ಶೀಟುಗಳಲ್ಲಿ ಒಂದೇ ಜಾಗ ಉಜ್ಜಿ ಉಜ್ಜಿ ಕಾಗದದ ನಾರು ಎದ್ದಿರುತ್ತಿತ್ತು.

ಈಗ ಈ ಪದವಿ ಅಂದರೆ ಏನು ಅಂತ ಬೇಗ ಹೇಳಿಬಿಡುತ್ತೇನೆ. ಪಿಯುಸಿ ಆದಮೇಲೆ 4 ವರ್ಷದ ಬಿವಿಎ, ಅಂದರೆ ಬ್ಯಾಚುಲರ್ ಆಫ್ ವಿಶುವಲ್ ಆರ್ಟ್ಸ್. ಸೈನ್ಸು, ಕಾಮರ್ಸು, ಆರ್ಟ್ಸು ಯಾವುದಾದರೂ ನಡೆಯುತ್ತೆ. ಸೇರುವಾಗ ಸಾಮಾನ್ಯವಾಗಿ ಒಂದು ಚಿತ್ರ ಬಿಡಿಸುವ ಪರೀಕ್ಷೆ ಇರುತ್ತೆ. ಮೊದಲು ಎಲ್ಲರೂ ಎಲ್ಲವನ್ನೂ ಮಾಡಬೇಕು: ರೇಖಾಚಿತ್ರ, ಬಣ್ಣ, ಮಣ್ಣಿನ ಕೆಲಸ, ಕಾಗದಕ್ಕೆ ಒತ್ತುವ ಅಚ್ಚು. ಅದಕ್ಕೆ ಫೌಂಡೇಶನ್ ಅನ್ನುತ್ತಾರೆ. ಆಮೇಲೆ ಪೇಂಟಿಂಗೋ, ಶಿಲ್ಪವೋ, ಗ್ರಾಫಿಕ್ಸೋ, ಜಾಹೀರಾತಿನಂಥ ಕೆಲಸದ ಅಪ್ಲೈಡ್ ಆರ್ಟೋ ಆರಿಸಿಕೊಳ್ಳಬೇಕು. ಜೊತೆಗೆ ಕಲಾ ಇತಿಹಾಸದ ಥಿಯರಿ ಪೇಪರ್ ಇರುತ್ತೆ. ಚಿತ್ರಕಲೆ ತಗೊಂಡರೆ ಓದೋದು ತಪ್ಪುತ್ತೆ ಅಂದುಕೊಂಡವರು ಸಿಕ್ಕಿಬೀಳುವುದು ಅಲ್ಲೇ.

ಮೈಸೂರಿನಲ್ಲಿ ಇದಕ್ಕೆ ಹಳೇ ಬೇರು ಇದೆ. ಸಯ್ಯಾಜಿರಾವ್ ರಸ್ತೆಯಲ್ಲಿ ಕಾವೇರಿ ಎಂಪೋರಿಯಂ ನೋಡಿದ್ದೀರಲ್ಲ, ಜಂಬೂಸವಾರಿ ಹೋಗುವ ದಾರಿಯಲ್ಲಿ? ಆ ಕಟ್ಟಡವನ್ನು ಕಟ್ಟಿದ್ದು ಚಾಮರಾಜೇಂದ್ರ ತಾಂತ್ರಿಕ ಶಾಲೆಗೆ. 1906ರಲ್ಲಿ ವೇಲ್ಸ್ ರಾಜಕುಮಾರ ಅಡಿಗಲ್ಲು ಇಟ್ಟಿದ್ದು. ಅಲ್ಲಿ ಚಿತ್ರದ ಜೊತೆ ಮರಗೆಲಸದಂಥ ಕೈಕಸುಬುಗಳನ್ನೂ ಕಲಿಸುತ್ತಿದ್ದರು. ಆ ಪರಂಪರೆಯೇ 1980ರ ದಶಕದಲ್ಲಿ ಕಾವಾ ಆಯಿತು, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ. ಅದು ಈಗ ಸಿದ್ಧಾರ್ಥನಗರದಲ್ಲಿದೆ. ಅರಮನೆಗೆ ಹೋದಾಗ ಕಲ್ಯಾಣ ಮಂಟಪದ ಗೋಡೆ ನೋಡಿ. ದಸರಾ ಮೆರವಣಿಗೆಯ 26 ಚಿತ್ರಗಳಿವೆ. ಫೋಟೋಗಳನ್ನು ಇಟ್ಟುಕೊಂಡು ಅವನ್ನು ಬಿಡಿಸಿದವರು ಕೇಶವಯ್ಯ, ವೈ. ನಾಗರಾಜು ಮುಂತಾದ ನಮ್ಮ ಕಡೆಯ ಕಲಾವಿದರೇ. ಜನ ಕತ್ತೆತ್ತಿ ಚಾವಣಿಯ ಗಾಜಿನ ನವಿಲು ನೋಡಿ ಹೋಗಿಬಿಡುತ್ತಾರೆ. ಗೋಡೆ ಹಾಗೇ ಉಳಿಯುತ್ತೆ.

ಚೊಂಬು ಆದಮೇಲೆ ನಮ್ಮನ್ನು ಹೊರಗೆ ಕಳಿಸಿದರು. ದಿನಕ್ಕೆ 20 ಸ್ಕೆಚ್ಚು. ದೇವರಾಜ ಮಾರ್ಕೆಟ್ಟು, ರೈಲ್ವೆ ಸ್ಟೇಷನ್ನು, ಬಸ್ ಸ್ಟ್ಯಾಂಡು. ಮನುಷ್ಯರು ಚೊಂಬಿನ ಥರ ಕೂರಲ್ಲ ಅಲ್ವಾ? ಬಾಳೆಗೊನೆ ಹೊತ್ತವನ ಬೆನ್ನು ಬಿಡಿಸಲು ನಿಮಗೆ ಸಿಗುವುದು ಹತ್ತು ಸೆಕೆಂಡು. ಅಷ್ಟರಲ್ಲಿ ಭಾರ ಯಾವ ಕಾಲಿನ ಮೇಲಿದೆ ಅನ್ನುವುದನ್ನು ಹಿಡಿದರೆ ಸಾಕು, ಮುಖ ಇಲ್ಲದಿದ್ದರೂ ಅವನು ಅವನೇ. ಒಂದು ಸಲ ಹೂ ಮಾರುವ ಅಮ್ಮ ನನ್ನ ಪುಸ್ತಕ ಇಸಕೊಂಡು ನೋಡಿ, "ನನ್ ಮೂಗು ಇಷ್ಟು ದಪ್ಪ ಇದೆಯೇನೋ?" ಅಂತ ಬೈದರು. ಅಲ್ಲೂ ರಬ್ಬರ್ ಇರಲಿಲ್ಲ. ಆ ಮೂಗು ಇನ್ನೂ ಹಾಗೇ ಇದೆ.

ನಿಮಗೆ ಇನ್ನೂ ಹತ್ತಿರದ ಜಾಗ ಹೇಳುತ್ತೇನೆ. ಶ್ರೀರಂಗಪಟ್ಟಣದ ದರಿಯಾ ದೌಲತ್, ಟಿಪ್ಪುವಿನ ಬೇಸಿಗೆ ಅರಮನೆ. 1784ರಲ್ಲಿ ಕಟ್ಟಿದ್ದು. ಶಾಲೆಯಿಂದ ಟ್ರಿಪ್ ಹೋಗಿ ಎಲ್ಲರೂ ನೋಡಿರುತ್ತೀರಿ, ಅಂದರೆ ನೋಡಿರಲ್ಲ. ಅದರ ಪಶ್ಚಿಮದ ಗೋಡೆಯಲ್ಲಿ ಹೈದರ್, ಟಿಪ್ಪು ಸೇನೆ ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಸೇನೆಯ ಕರ್ನಲ್ ಬೈಲಿ, ಸುತ್ತ ಚೌಕಾಕಾರದಲ್ಲಿ ಅವನ ಸಿಪಾಯಿಗಳು, ಸಿಡಿಯುತ್ತಿರುವ ಮದ್ದಿನ ಗಾಡಿ, ನಾಲ್ಕೂ ಕಡೆಯಿಂದ ನುಗ್ಗುವ ಕುದುರೆ. ದೂರದವರು ಚಿಕ್ಕವರು, ಹತ್ತಿರದವರು ದೊಡ್ಡವರು ಅನ್ನುವ ನಿಯಮ ಅಲ್ಲಿ ನಡೆಯಲ್ಲ. ಯುದ್ಧವನ್ನು ಮೇಲಿಂದಲೂ ಪಕ್ಕದಿಂದಲೂ ಒಟ್ಟಿಗೇ ನೋಡಿದ ಹಾಗೆ ಇದೆ. ಫೋಟೋ ತೆಗೆಯೋಕೆ ಹೋಗಬೇಡಿ. ಸುಮ್ನೆ ಒಂದು ಗಂಟೆ ನಿಂತು ನೋಡಿ. ಹೊರಗೆ ತೋಟಕ್ಕೆ ಬಂದು ನೆನಪಿನಿಂದ ಬಿಡಿಸಿ. ಎಷ್ಟು ಮರೆತಿದ್ದೀರಿ ಅಂತ ಗೊತ್ತಾದರೆ ಮತ್ತೆ ಒಳಗೆ ಹೋಗಿ.

ಬಣ್ಣದ ಬಗ್ಗೆ ಜಾಸ್ತಿ ಹೇಳಲ್ಲ. ಎಣ್ಣೆ ಬಣ್ಣದಲ್ಲಿ ತಪ್ಪಾದರೆ ಕೆರೆದು ಮೇಲೆ ಹಚ್ಚಬಹುದು, ಅದು ಸ್ವಲ್ಪ ಕರುಣೆ ಇರುವ ಮಾಧ್ಯಮ. ನೀರ್ಬಣ್ಣಕ್ಕೆ ಕರುಣೆ ಇಲ್ಲ. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆ, ಎಲ್ಲರಿಗೂ ಗೊತ್ತು. ಅದನ್ನು ರವಿವರ್ಮನದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ, ಅದು ಎಸ್.ಎಲ್. ಹಲ್ದಣಕರ್ ಅವರದು. ಅಷ್ಟು ಕತ್ತಲು ಇರುವುದರಿಂದ ಎಣ್ಣೆ ಬಣ್ಣ ಅಂದುಕೊಳ್ಳುತ್ತಾರೆ. ಅದೂ ಅಲ್ಲ, ನೀರ್ಬಣ್ಣ. ನೀರ್ಬಣ್ಣದಲ್ಲಿ ಬೆಳಕು ಬೇಕಾದರೆ ಬಿಳಿ ಹಚ್ಚುವುದಲ್ಲ, ಕಾಗದವನ್ನು ಕಾಪಾಡಿಕೊಳ್ಳಬೇಕು. ಸುತ್ತ ಕತ್ತಲು ಪದರ ಪದರವಾಗಿ ಬರುವಾಗ ಆ ಬೆರಳುಗಳ ಮಧ್ಯದ ಹೊಳಪನ್ನು ಒಂದು ಹನಿಯೂ ಕೆಡಿಸದೆ ಉಳಿಸಿಕೊಳ್ಳಬೇಕು. ಮುಂದಿನ ಸಲ ಹೋದಾಗ ಹೆಂಗಸನ್ನು ಬಿಟ್ಟು ಬರೀ ಬೆರಳು ನೋಡಿ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಮೈಸೂರು ಸಾಂಪ್ರದಾಯಿಕ ಚಿತ್ರವನ್ನು, ಅದೇ ಉಬ್ಬು ಕೆಲಸ, ಚಿನ್ನದ ರೇಕು ಇರುವುದನ್ನು, "ಅದು ಕ್ರಾಫ್ಟು" ಅಂತ ನಮ್ಮಂಥ ಪದವೀಧರರು ತಳ್ಳಿಹಾಕುತ್ತೇವೆ. ತಂಜಾವೂರಿನ ಉಬ್ಬು ದಪ್ಪ, ಮೈಸೂರಿನದು ತೆಳು. ಆ ತೆಳು ಉಬ್ಬಿನಲ್ಲಿ ಒಂದು ಕಿರೀಟ ಬಿಡಿಸಲು ಕೂತು ನೋಡಿ. ನಾನು ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಎದ್ದು ಹೋದೆ.

ಇನ್ನು ಅಚ್ಚು. ನಾನು ಆರಿಸಿಕೊಂಡಿದ್ದು ಅದನ್ನೇ, ಹಾಗಾಗಿ ಸ್ವಲ್ಪ ಹೊತ್ತು ಸಹಿಸಿಕೊಳ್ಳಿ.

ನಮ್ಮ ವಿಭಾಗದ ಹೆಸರು ಗ್ರಾಫಿಕ್ಸ್. ಇದರಿಂದ ನನಗಾದ ತೊಂದರೆ ಅಷ್ಟಿಷ್ಟಲ್ಲ. ಮಗ ಗ್ರಾಫಿಕ್ಸ್ ಓದ್ತಾನೆ ಅಂತ ಅಪ್ಪ ಊರಲ್ಲಿ ಹೇಳಿದರು. ಮದುವೆ ಕಾರ್ಡು, ಗಣೇಶನ ಹಬ್ಬದ ಫ್ಲೆಕ್ಸು ಎಲ್ಲ ನನ್ನ ತಲೆಗೆ ಬಂತು. ನಾನು ಆಗ ಕಂಪ್ಯೂಟರ್ ಮುಟ್ಟಿಯೇ ಇರಲಿಲ್ಲ. ನನ್ನ ಗ್ರಾಫಿಕ್ಸ್ ಅಂದರೆ ಮರ, ಲಿನೋಲಿಯಂ, ಸತುವಿನ ತಗಡು, ಕಲ್ಲು.

ಮೊದಲ ಪಾಠ ಲಿನೋ. ಲಿನೋಲಿಯಂ ಅಂದರೆ ಅಗಸೆ ಎಣ್ಣೆ, ಬೆಂಡಿನ ಪುಡಿ ಸೇರಿಸಿ ಸೆಣಬಿನ ಬಟ್ಟೆ ಮೇಲೆ ಹರಡಿದ ಹಾಳೆ. ಬಿಸಿಲಿಗೆ ಸ್ವಲ್ಪ ಹೊತ್ತು ಇಟ್ಟರೆ ಮೆತ್ತಗಾಗಿ ಬೆಣ್ಣೆ ಥರ ಕೆತ್ತಬಹುದು. ಕೆತ್ತಿದ ಜಾಗ ಬಿಳಿ, ಬಿಟ್ಟ ಜಾಗ ಕಪ್ಪು. ಮೇಲೆ ರೋಲರ್‌ನಿಂದ ಇಂಕು ಹಚ್ಚಿ ಕಾಗದ ಒತ್ತಿದರೆ ಅಚ್ಚು.

ನಾನು ಊರಿನ ಅಭಿಮಾನದಲ್ಲಿ ಕಬ್ಬಿನ ಎತ್ತಿನಗಾಡಿ ಕೆತ್ತಿದೆ. ಗಾಡಿ ಪಕ್ಕ ಒಂದು ಮೈಲಿಗಲ್ಲು, ಅದರ ಮೇಲೆ "ಮಂಡ್ಯ". ನಾಲ್ಕು ದಿನದ ಕೆಲಸ. ಇಂಕು ಹಚ್ಚಿ ಕಾಗದ ಎತ್ತಿದೆ. ಗಾಡಿ ಚೆನ್ನಾಗಿತ್ತು, ಆದರೆ ಅದು ಎಡಕ್ಕೆ ಹೋಗುವ ಬದಲು ಬಲಕ್ಕೆ ಹೋಗುತ್ತಿತ್ತು. ಮೈಲಿಗಲ್ಲಿನ ಮೇಲೆ ಏನೂ ಓದೋಕಾಗಲಿಲ್ಲ. ಅಚ್ಚಿನಲ್ಲಿ ಎಲ್ಲವೂ ತಿರುಗಾಮುರುಗಾ ಬರುತ್ತೆ, ಕೆತ್ತುವಾಗಲೇ ಅಕ್ಷರವನ್ನು ಉಲ್ಟಾ ಕೆತ್ತಬೇಕು. ಮರೆತಿದ್ದೆ. ಡ್ಯ ಮೊದಲು ಬಂದು, ಅದರ ಒತ್ತು ಎಡಗಡೆಗೆ ಜಾರಿ, ಮ ಗೋಡೆ ಕಡೆ ಮುಖ ಮಾಡಿ ಕೊನೆಯಲ್ಲಿ ನಿಂತಿತ್ತು. ಇಡೀ ಪದದಲ್ಲಿ ಸರಿಯಾಗಿದ್ದದ್ದು ಮಧ್ಯದ ಸೊನ್ನೆ ಒಂದೇ.

ಲಿನೋಗೆ ರಬ್ಬರ್ ಎಲ್ಲಿಂದ ತರೋದು? ಕೆತ್ತಿ ತೆಗೆದ ಚೂರು ತೆಗೆದ ಹಾಗೇ. ಅವತ್ತಿನಿಂದ ಅಕ್ಷರ ಬರುವ ಕಡೆಯೆಲ್ಲ ಟ್ರೇಸಿಂಗ್ ಪೇಪರ್ ಮೇಲೆ ಬರೆದು, ತಿರುಗಿಸಿ ಹಾಕಿಕೊಳ್ಳುತ್ತೇನೆ. ಕನ್ನಡಿ ಹಿಡಿದು ಇನ್ನೊಂದು ಸಲ ನೋಡುತ್ತೇನೆ. ಗುಟ್ಟಾಗಿ ಹೇಳಬೇಕು ಅಂದರೆ, ಕನ್ನಡಿಯಲ್ಲಿ ನೋಡಿದಾಗಲೇ ನನಗೆ ಕನ್ನಡ ಅಕ್ಷರದ ಆಕಾರ ಮೊದಲ ಸಲ ಕಂಡಿದ್ದು. ಓದೋಕೆ ಬರುವ ತನಕ ಅದು ಆಕಾರ, ಬಂದಮೇಲೆ ಬರೀ ಶಬ್ದ. ಅದೂ ಚೊಂಬಿನ ಕತೆಯೇ.

ಎಚಿಂಗ್ ಅಂದರೆ ಇದರ ಉಲ್ಟಾ. ಇಲ್ಲಿ ಅಚ್ಚಾಗುವುದು ಉಬ್ಬಿದ ಜಾಗ ಅಲ್ಲ, ತಗ್ಗು. ಸತುವಿನ ತಗಡು ತಗೊಳ್ಳಬೇಕು. ಅಂಚನ್ನು ಅರದಿಂದ ಓರೆ ಮಾಡಬೇಕು, ಇಲ್ಲದಿದ್ದರೆ ಪ್ರೆಸ್ಸಿನಲ್ಲಿ ಕಾಗದ, ಕಂಬಳಿ ಎರಡೂ ಕೊಯ್ದುಹೋಗುತ್ತೆ. ಜಿಡ್ಡು ತೆಗೆದು, ಜೇನುಮೇಣ, ರಾಳ, ಡಾಂಬರು ಸೇರಿಸಿದ ಗ್ರೌಂಡ್, ಅಂದರೆ ಆಸಿಡ್ ತಾಗದ ಲೇಪ ಹಚ್ಚಬೇಕು. ಮೇಣದಬತ್ತಿ ಹೊಗೆ ಹಿಡಿದರೆ ಕಾಡಿಗೆಯಷ್ಟು ಕಪ್ಪಾಗುತ್ತೆ. ಆ ಕಪ್ಪಿನ ಮೇಲೆ ಸೂಜಿಯಿಂದ ಬಿಡಿಸಿದರೆ ಕೆಳಗಿನ ಲೋಹ ಬೆಳ್ಳಿಗೆರೆಯಾಗಿ ಮಿನುಗುತ್ತೆ. ಆಮೇಲೆ ನೀರು ಬೆರೆಸಿದ ನೈಟ್ರಿಕ್ ಆಸಿಡ್‌ನಲ್ಲಿ ಮುಳುಗಿಸೋದು. ಆಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್ಡಿಗಲ್ಲ. ಇದನ್ನು ನಮ್ಮ ಕೈಯಲ್ಲಿ ದಿನಾ ಹೇಳಿಸುತ್ತಿದ್ದರು, ಮಗ್ಗಿ ಥರ.

ಆಸಿಡ್ಡು ಗೆರೆಗಳನ್ನು ಕಚ್ಚುತ್ತೆ. ನಾವೂ "ಕಚ್ಚಿದೆ" ಅಂತಲೇ ಹೇಳುತ್ತಿದ್ದೆವು. ಗೆರೆಯ ಉದ್ದಕ್ಕೂ ಸಣ್ಣ ಗುಳ್ಳೆ ಸಾಲಾಗಿ ಏಳುತ್ತೆ. ಅದನ್ನು ಕೋಳಿ ಪುಕ್ಕದಿಂದ ಮೆಲ್ಲಗೆ ಸರಿಸುತ್ತಿರಬೇಕು. ಎರಡು ನಿಮಿಷ ಬಿಟ್ಟರೆ ಕೂದಲೆಳೆ ಗೆರೆ, ಜಾಸ್ತಿ ಹೊತ್ತು ಬಿಟ್ಟರೆ ದಪ್ಪ ಕಪ್ಪು. ಅಂದರೆ ಇಲ್ಲಿ ಗಾಢ ಬರುವುದು ಕೈ ಒತ್ತಿದ್ದಕ್ಕಲ್ಲ, ಕಾದಿದ್ದಕ್ಕೆ. ತಗಡು ತೊಳೆದು, ಗೆರೆಯೊಳಗೆ ಇಂಕು ತುಂಬಿ, ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ, ನೆನೆಸಿದ ಕಾಗದ ಹಾಕಿ ಪ್ರೆಸ್ಸಿಗೆ ಕೊಡಬೇಕು.

ಆ ಪ್ರೆಸ್ಸು ನೋಡಿದ ದಿನ ನನಗೆ ನಗು ಬಂತು. ಅದು ನಮ್ಮ ಆಲೆಮನೆ ಗಾಣ! ಮೇಲೊಂದು ರೋಲರ್, ಕೆಳಗೊಂದು ರೋಲರ್, ಪಕ್ಕದಲ್ಲಿ ತಿರುಗಿಸುವ ದೊಡ್ಡ ಚಕ್ರ. ಕಬ್ಬಿನ ಬದಲು ತಗಡು ಕೊಡೋದು, ಅಷ್ಟೇ. ಆದರೆ ಇಲ್ಲಿ ರಸ ಕೆಳಗೆ ಸುರಿಯಲ್ಲ. ಒದ್ದೆ ಕಾಗದ ಗೆರೆಯೊಳಕ್ಕೆ ಇಳಿದು ಇಂಕನ್ನು ಎತ್ತಿಕೊಂಡು ಬರುತ್ತೆ. ಅಪ್ಪ ಒಂದು ದಿನ ಕಾಲೇಜಿಗೆ ಬಂದಾಗ ಅದರ ಚಕ್ರ ಹಿಡಿದು ತಿರುಗಿಸಿದರು. ನಮಗೆಲ್ಲ ಕಷ್ಟವಾಗುತ್ತಿದ್ದ ಆ ಒಂದೇ ಸಮನೆಯ ವೇಗ ಅವರಿಗೆ ಹುಟ್ಟಾ ಬಂದಿತ್ತು. ಅವತ್ತಿನ ಅಚ್ಚು ನನ್ನ ತರಗತಿಯಲ್ಲೇ ಚೆನ್ನಾಗಿ ಬಂತು. ಗಾಣ ಆಡಿಸಿದವರು ಗಾಣ ಆಡಿಸಿದವರೇ.

ನನ್ನ ದೊಡ್ಡ ತಪ್ಪು ಆಗಿದ್ದೂ ಎಚಿಂಗ್‌ನಲ್ಲೇ. ತಗಡನ್ನು ಆಸಿಡ್ಡಿಗೆ ಬಿಟ್ಟು ಟೀ ಕುಡಿಯೋಕೆ ಹೋದೆ. ಮಾತಿಗೆ ಕೂತೆ. ವಾಪಸ್ ಬಂದಾಗ ಗ್ರೌಂಡ್ ಅಲ್ಲಲ್ಲಿ ಕಿತ್ತುಬಂದಿತ್ತು. ಖಾಲಿ ಇರಬೇಕಾದ ಆಕಾಶದ ತುಂಬ ಸಿಡುಬಿನ ಥರ ಕಲೆ. ಮೇಷ್ಟ್ರು ಬೈಯಲಿಲ್ಲ. ಒಂದು ಸ್ಕ್ರೇಪರ್, ಒಂದು ಬರ್ನಿಷರ್ ಕೈಗೆ ಕೊಟ್ಟರು. ಸತುವಿಗೆ ಇರುವ ರಬ್ಬರ್ ಅದು: ಮೊದಲು ಕೆರೆಯೋದು, ಆಮೇಲೆ ನಯವಾದ ಉಕ್ಕಿನಿಂದ ಎಣ್ಣೆ ಹಾಕಿ ತೀಡೋದು. ಮೂರು ದಿನ ತೀಡಿದೆ. ಬೆರಳಿನಲ್ಲಿ ಬೊಬ್ಬೆ. ಅಚ್ಚು ತೆಗೆದರೆ ಆಕಾಶದಲ್ಲಿ ಆ ಕಲೆಗಳ ನೆರಳು ಇನ್ನೂ ಇತ್ತು.

ಆಗ ಮೇಷ್ಟ್ರು ಡಚ್ ಕಲಾವಿದ ರೆಂಬ್ರಾಂಟ್‌ನ ಒಂದು ಅಚ್ಚಿನ ಎರಡು ಪ್ರತಿಗಳನ್ನು ಪುಸ್ತಕದಲ್ಲಿ ತೋರಿಸಿದರು. 1653ರಲ್ಲಿ ಮಾಡಿದ 'ಮೂರು ಶಿಲುಬೆಗಳು'. ಒಂದರಲ್ಲಿ ಮೇಲಿಂದ ಬೆಳಕು, ಸುತ್ತ ಜನ. ಇನ್ನೊಂದರಲ್ಲಿ ಅದೇ ತಾಮ್ರದ ತಗಡನ್ನು ಕೆರೆದು, ಮೇಲೆ ಗೀಚಿ, ಹೆಚ್ಚಿನ ಜನರನ್ನು ಕತ್ತಲಿನಲ್ಲಿ ಮುಳುಗಿಸಿಬಿಟ್ಟಿದ್ದಾನೆ. ಕಣ್ಣಿಟ್ಟು ನೋಡಿದರೆ ಅಳಿಸಿದವರ ನೆರಳು ಕಾಣುತ್ತೆ. ಅಷ್ಟು ದೊಡ್ಡವನಿಗೂ ಪೂರ್ತಿ ಅಳಿಸೋಕಾಗಲಿಲ್ಲ. ನನ್ನ ಕಲೆ ಬಿದ್ದ ಆಕಾಶ ಅದರಿಂದ ಚೆನ್ನಾಗೇನೂ ಆಗಲಿಲ್ಲ, ಮಾರ್ಕ್ಸೂ ಕಮ್ಮಿಯೇ ಬಂತು.

ಕಲ್ಲಚ್ಚಿನ ಕತೆ ಹೇಳದಿದ್ದರೆ ತಪ್ಪಾಗುತ್ತೆ. ಜರ್ಮನಿಯ ಆಲೋಯಿಸ್ ಸೆನೆಫೆಲ್ಡರ್ ನಾಟಕ ಬರೆಯುತ್ತಿದ್ದವನು. ಅವನ್ನು ಅಗ್ಗವಾಗಿ ಅಚ್ಚು ಹಾಕಿಸಲು ದಾರಿ ಹುಡುಕುತ್ತಿದ್ದ. 1796ರ ಸುಮಾರಿಗೆ, ಅವಸರದಲ್ಲಿ ಕಾಗದ ಸಿಗದೆ ಒಗೆಯಲು ಹಾಕುವ ಬಟ್ಟೆ ಲೆಕ್ಕವನ್ನು ಸುಣ್ಣದ ಕಲ್ಲಿನ ಮೇಲೆ ಬರೆದನಂತೆ. ಮುಂದೆ ಅದರಿಂದಲೇ ಕಲ್ಲಚ್ಚು ಹುಟ್ಟಿತು. ಎಣ್ಣೆಗೂ ನೀರಿಗೂ ಆಗಲ್ಲ ಅನ್ನುವುದೇ ಅದರ ತಂತ್ರ. ಜಿಡ್ಡಿನ ಸೀಮೆಸುಣ್ಣದಿಂದ ಬರೆದ ಜಾಗ ಇಂಕು ಹಿಡಿಯುತ್ತೆ, ಒದ್ದೆ ಕಲ್ಲು ಹಿಡಿಯಲ್ಲ. ಕನ್ನಡದ ಮೊದಲ ಪತ್ರಿಕೆ, 1843ರ ಮಂಗಳೂರ ಸಮಾಚಾರ, ಕಲ್ಲಚ್ಚಿನಲ್ಲೇ ಬಂದದ್ದು. ನಿಮ್ಮ ದೇವರ ಮನೆಯ ಲಕ್ಷ್ಮಿ, ಸರಸ್ವತಿಯ ಹಳೇ ಪಟಗಳ ಮೂಲವೂ ಇದೇ. ರವಿವರ್ಮ 1894ರಲ್ಲಿ ಬೊಂಬಾಯಿಯಲ್ಲಿ ಪ್ರೆಸ್ ಹಾಕಿದ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಅವನ ಮೂಲ ಚಿತ್ರಗಳು ಜಗನ್ಮೋಹನದಲ್ಲಿ ಟಿಕೆಟ್ ತಗೊಂಡು ನೋಡುವಂಥವು. ಅವನ ಅಚ್ಚುಗಳು ನಮ್ಮಜ್ಜಿ ಊದುಬತ್ತಿ ಹಚ್ಚಿದಂಥವು. ಯಾವುದು ದೊಡ್ಡದು ಅಂತ ಕೇಳಿದರೆ ನಾನು ಅಜ್ಜಿ ಕಡೆ.

ಈಗ ಹಿಂದೆ ಕೂತ ಒಬ್ಬರು ತುಂಬಾ ಹೊತ್ತಿನಿಂದ ಕೈ ಎತ್ತಿದ್ದಾರೆ. ಹೇಳಿ ಅಣ್ಣ.

("ಇದೆಲ್ಲ ಸರಿ. ಓದಿದ್ರೆ ಕೆಲಸ ಏನು ಸಿಗುತ್ತೆ?")

ಈ ಪ್ರಶ್ನೆ ಬರದಿದ್ದರೆ ನನಗೇ ಬೇಜಾರಾಗುತ್ತಿತ್ತು. ಸುಳ್ಳು ಹೇಳಲ್ಲ. ಎಂಜಿನಿಯರಿಂಗಿನ ಥರ ಕಾಲೇಜಿಗೆ ಕಂಪನಿ ಬಂದು ಸಾಲಾಗಿ ಕರೆದುಕೊಂಡು ಹೋಗಲ್ಲ. ನನ್ನ ಜೊತೆ ಓದಿದವರಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರು, ಒಬ್ಬಳು ಸೀರೆ ಡಿಸೈನ್, ಇಬ್ಬರು ಬೆಂಗಳೂರಿನಲ್ಲಿ ಅನಿಮೇಶನ್, ಒಬ್ಬ ಪುಸ್ತಕದ ಮುಖಪುಟ ಮಾಡುತ್ತಾನೆ. ಒಬ್ಬ ಈಗ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ, ಸತುವಿನ ತಗಡು ಅವನಿಂದಲೇ ತರಿಸುತ್ತೇನೆ. ಬರೀ ಚಿತ್ರ ಮಾರಿ ಬದುಕುವವರು ಕಮ್ಮಿ. ಮುಂದೆ ಓದಬೇಕಾದರೆ ಶಾಂತಿನಿಕೇತನದ ಕಲಾಭವನ, ಬರೋಡದ ಫೈನ್ ಆರ್ಟ್ಸ್ ವಿಭಾಗ ಇವೆ, ಎರಡರಲ್ಲೂ ಅಚ್ಚುಕಲೆಗೆ ಒಳ್ಳೇ ಹೆಸರಿದೆ. ಅಚ್ಚುಕಲೆಯ ಇನ್ನೊಂದು ಕಷ್ಟ, ಪ್ರೆಸ್ಸನ್ನು ಮನೆಗೆ ತರೋಕಾಗಲ್ಲ. ಕಾಲೇಜು ಬಿಟ್ಟ ಮೇಲೆ ಎರಡು ವರ್ಷ ನಾನು ಒಂದೂ ಎಚಿಂಗ್ ಮಾಡಲಿಲ್ಲ. ಸೇರುವ ಮುಂಚೆ ಇದನ್ನು ಯಾರೂ ಹೇಳಿರಲಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಮನೆಯಲ್ಲಿ ಸ್ವಲ್ಪ ಜಮೀನೋ, ದುಡಿಯುವ ಇನ್ನೊಂದು ಕೈಯೋ ಇದ್ದರೆ ಮೊದಲ ನಾಲ್ಕೈದು ವರ್ಷ ದಾಟೋದು ಸುಲಭ. ಇಲ್ಲದಿದ್ದರೆ ಓದುವಾಗಲೇ ಒಂದು ಪಾರ್ಟ್‌ಟೈಮ್ ಕೆಲಸ ಹಿಡಿಯಿರಿ. ನಾನು ಬೋರ್ಡ್ ಬರೆಯುತ್ತಿದ್ದೆ. ಅಲ್ಲಿ ಅಕ್ಷರ ನೇರವಾಗಿ ಬರೆದರೆ ಸಾಕು.

("ಸರ್, ಲಿನೋ ಮನೆಯಲ್ಲೇ ಮಾಡಬಹುದಾ? ಪ್ರೆಸ್ ಬೇಕೇ ಬೇಕಾ?")

ಬೇಡಮ್ಮ. ಲಿನೋ ಶೀಟು, ಕೆತ್ತುವ ಉಳಿ, ಇಂಕು ಮೈಸೂರಿನ ಆರ್ಟ್ ಮೆಟೀರಿಯಲ್ ಅಂಗಡಿಗಳಲ್ಲಿ ಕೇಳು. ಸಿಗುವ ತನಕ ಹಳೇ ಹವಾಯಿ ಚಪ್ಪಲಿಯ ಅಟ್ಟೆ ಕೆತ್ತು, ಬ್ಲೇಡಿಗೆ ಬಟ್ಟೆ ಸುತ್ತಿ ಹಿಡಿ. ಉಳಿ ಯಾವಾಗಲೂ ನಿನ್ನಿಂದ ಆಚೆಗೆ ಹೋಗಲಿ, ಇನ್ನೊಂದು ಕೈ ಅದರ ಮುಂದೆ ಇರಬಾರದು. ಮೊದಲು ನಿನ್ನ ಹೆಸರನ್ನೇ ಕೆತ್ತು, ಉಲ್ಟಾ. ಇಂಕು ಹಚ್ಚಿ, ತೆಳು ಕಾಗದ ಹಾಕಿ, ಮೇಲಿಂದ ಸ್ಟೀಲ್ ಚಮಚದ ಬೆನ್ನಿನಿಂದ ಮೂಲೆ ಮೂಲೆ ಉಜ್ಜು. ಚಮಚ ತಗೊಳ್ಳುವಾಗ ಅಮ್ಮನಿಗೆ ಹೇಳಿ ತಗೋ. ಎಣ್ಣೆ ಇಂಕು, ಸೀಮೆಎಣ್ಣೆ ಹಾಕಿ ತೊಳೆಯಬೇಕು. ಮತ್ತೆ ಆ ಚಮಚವನ್ನು ಸಾರಿಗೆ ಹಾಕೋಕಾಗಲ್ಲ.